ಹದಿನೈದು ದಿನದ ಹಗೇವು

೮ ಜೂನ್ ೨೦೦೪, ಮಂಗಳವಾರ

ದಿನಚರಿ ಬರೆಯುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಇವತ್ತು ಬರೆಯುವಂಥದ್ದು ನಡೆದಿದೆ, ಬರೆಯುತ್ತೇನೆ.

ಸಿಂದಗಿಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ಗಿರಾಕಿಗಳಿಂದ ನಾನು ಅತಿ ಹೆಚ್ಚು ಕೇಳಿದ ಮಾತು "ಇನ್ನಾ ಬರ್ಲಿಲ್ಲೇನ್ರಿ?" ಇಂಟರ್ನೆಟ್ಟಿಗೆಂದು ಇರುವುದು ಒಂದೇ ಟೆಲಿಫೋನ್ ಲೈನು, ಅದರ ಮೇಲೆ ನಾಲ್ಕು ಮಶೀನು. ಒಬ್ಬ ಹಾಡು ಇಳಿಸಿಕೊಳ್ಳಲು ಕೂತನೆಂದರೆ ಉಳಿದ ಮೂವರು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತ ಕೂರಬೇಕು. ಕ್ಯಾಲೆಂಡರಿನ ಹಬ್ಬಗಳೆಲ್ಲ ನನ್ನ ಗಿರಾಕಿಗಳಿಗೆ ಬಾಯಿಪಾಠ.

ಇನ್ನು ಮುಂದೆ ಆ ಗೋಳಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡು ನನ್ನ ಮಶೀನಿನಲ್ಲಿ ಹೊಸ ಏರ್ಪಾಟು ಮಾಡಿದ್ದೇನೆ. ಯಾರಾದರೂ ಒಂದು ಪುಟ ಕೇಳಿದರೆ, ಅದು ಹೊರಗಿನಿಂದ ಬರುವಾಗಲೇ ಅದರ ಒಂದು ಪ್ರತಿ ನನ್ನಲ್ಲಿ ಉಳಿಯುತ್ತದೆ. ಎರಡನೆಯವನು ಅದನ್ನೇ ಕೇಳಿದರೆ ಹೊರಗೆ ಹೋಗುವ ಮಾತೇ ಇಲ್ಲ, ಇಲ್ಲಿಂದಲೇ ಕೊಟ್ಟುಬಿಡುತ್ತದೆ. ಅಜ್ಜನ ಮನೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಇದಕ್ಕೂ ಅದೇ ಹೆಸರು ಇಟ್ಟಿದ್ದೇನೆ. ಇವತ್ತು ಬೆಳಗಿನ ಐದಕ್ಕೇ ಎದ್ದು, ಲೈನು ಚುರುಕಾಗಿರುವಾಗ, ಜನ ಕೇಳುವ ನಲವತ್ತು ಪುಟ ತೆರೆದು ಹಗೇವು ತುಂಬಿಸಿದೆ. ಹನ್ನೊಂದಕ್ಕೆ ಅಂಗಡಿ ತುಂಬಿದಾಗ ನೋಡಬೇಕಿತ್ತು! ಒತ್ತಿದರೆ ಬಂತು, ಒತ್ತಿದರೆ ಬಂತು. ಒಬ್ಬನಂತೂ ಹೆದರಿ ಕೈ ತೆಗೆದುಬಿಟ್ಟ.

ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುವ ನನ್ನ ಹೆಂಡತಿ ವಿದ್ಯಾವತಿಗೂ ತೋರಿಸಿದೆ. ಆಕೆ ನೋಡಿ, "ಚಲೋ ಐತ್ರಿ. ಆದ್ರ ಹೊರಗ ಏನರ ಬದಲಾತು ಅಂದ್ರ ಇದಕ್ಕ ಹೆಂಗ ಗೊತ್ತಾಗ್ತೈತಿ?" ಅಂದಳು. ಅನ್ನದಲ್ಲಿ ಕಲ್ಲು ಹುಡುಕುವುದೆಂದರೆ ಆಕೆಗೆ ಬಲು ಪ್ರೀತಿ.

೧೦ ಜೂನ್, ಗುರುವಾರ

ಹಗೇವಿನ ಒಳಗುಟ್ಟು ಇನ್ನಷ್ಟು ತಿಳಿಯಿತು. ಪ್ರತಿ ಪುಟದ ಜೊತೆ ಒಂದು ಚೀಟಿ ಬರುತ್ತದೆ, ನೋಡುವವರಿಗೆ ಅದು ಕಾಣುವುದಿಲ್ಲ. ಈ ಪುಟ ಯಾವಾಗ ಬದಲಾಯಿತು, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದೆಲ್ಲ ಅದರಲ್ಲಿ ಇರುತ್ತದೆ. ಕೆಲವು ಪುಟಗಳಂತೂ "ಇಟ್ಟುಕೊಳ್ಳಲೇಬೇಡಿ" ಅನ್ನುತ್ತವೆ. ಎಲ್ಲೋ ದೊಡ್ಡ ಊರಿನಲ್ಲಿ ಫ್ಯಾನಿನ ಕೆಳಗೆ ಕೂತು ಚೀಟಿ ಬರೆಯುವವರಿಗೆ ಸಿಂದಗಿಯ ಲೈನಿನ ಕಷ್ಟ ಏನು ಗೊತ್ತು? ಮೊದಲ ದಿನ ತುಂಬಿಸುವಾಗಲೇ ಎಲ್ಲವನ್ನೂ ಇಟ್ಟುಕೋ ಅಂದಿದ್ದೆ. ಈಗ ಚೀಟಿ ಓದಲೇಬೇಡ, ಎಲ್ಲವನ್ನೂ ಹದಿನೈದು ದಿನ ಇಡು ಎಂದು ಮಶೀನಿಗೆ ಹೇಳಿದ್ದೇನೆ.

ಇನ್ನೊಂದು ಪೀಡೆ ಇತ್ತು. ಪುಟವನ್ನು ಹೊಸದಾಗಿ ತರಿಸುವ ಒಂದು ಬಟನ್ ಇದೆಯಲ್ಲ, ರಿಫ್ರೆಶ್. ನಮ್ಮ ಜನ ಅದನ್ನು ಕಾಲಿಂಗ್ ಬೆಲ್ಲಿನ ಹಾಗೆ ಒತ್ತುತ್ತಾರೆ. ಅದರ ಮಾತನ್ನೂ ಕೇಳಬೇಡ ಅಂದಿದ್ದೇನೆ. ಒತ್ತಿದರೆ ಪರದೆ ಒಮ್ಮೆ ಮಿನುಗಿ ಅದೇ ಪುಟ ಬರುತ್ತದೆ. ಒತ್ತಿದವರಿಗೆ ಸಮಾಧಾನ, ಲೈನಿಗೆ ವಿಶ್ರಾಂತಿ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

೧೪ ಜೂನ್, ಸೋಮವಾರ

ಭರ್ತಿ ಜನ. ಎದುರಿನ ಝೆರಾಕ್ಸ್ ಅಂಗಡಿಯವರು ಸಹ ಬಂದು ನೋಡಿ ಹೋದರು.

ಶಿಕ್ಷಕರ ನೇಮಕಾತಿಯ ಪುಟ ನೋಡಲು ದೇವರ ಹಿಪ್ಪರಗಿಯಿಂದ ಒಂದು ಹುಡುಗಿ ಬಂದಿತ್ತು. ಜಿಲ್ಲಾ ಕಚೇರಿಯಲ್ಲಿ ಸರ್ಟಿಫಿಕೇಟು ಪರಿಶೀಲನೆಗೆ ಇಪ್ಪತ್ತೊಂದನೇ ತಾರೀಖು ಎಂದಿತ್ತು. ಪ್ರಿಂಟ್ ಕೊಟ್ಟೆ. ಆ ಹುಡುಗಿ ಪ್ರಿಂಟ್ ಹಿಡಿದುಕೊಂಡು, "ಸರ್, ಇದು ಇವತ್ತಿಂದು ಹೌದಿಲ್ರಿ?" ಅಂತ ಕೇಳಿತು. "ಮತ್ತ ಹಳೇದು ಯಾರು ಕೊಡ್ತಾರ? ಇದು ಇಂಟರ್ನೆಟ್ಟವ್ವಾ, ಕಿರಾಣಿ ಅಂಗಡಿ ರದ್ದಿ ಪೇಪರಲ್ಲ" ಅಂದೆ. ಎಲ್ಲರೂ ನಕ್ಕರು.

೧೮ ಜೂನ್, ಶುಕ್ರವಾರ

ಹಿಪ್ಪರಗಿಯ ಹುಡುಗಿ ಮತ್ತೆ ಬಂದಿತ್ತು. ಅದೇ ಪುಟ, ಅದೇ ಇಪ್ಪತ್ತೊಂದು. ರಿಫ್ರೆಶ್ ಒತ್ತಿತು. ಮತ್ತೆ ಒತ್ತಿತು. ನಾಲ್ಕು ಸಲ! ಇಷ್ಟು ಸಂಶಯ ಇಟ್ಟುಕೊಂಡು ಇವರು ನಾಳೆ ಮಕ್ಕಳಿಗೆ ಏನು ಕಲಿಸುತ್ತಾರೋ.

ಮೂರನೇ ಮಶೀನಿನ ಮೌಸ್ ಕೆಟ್ಟಿದೆ.

೨೧ ಜೂನ್, ಸೋಮವಾರ

ಸಂಜೆ ಐದಕ್ಕೆ ಆ ಹುಡುಗಿ ತಂದೆಯ ಜೊತೆ ಬಂದಿತು. ಹೆಸರು ಕಾವೇರಿ. ತಂದೆ ಚಂದಪ್ಪ, ಕುರಿ ಸಾಕುವವರು, ಹೆಗಲ ಮೇಲೆ ಕರಿ ಕಂಬಳಿ. ಬಿಜಾಪುರದಿಂದ ನೇರ ಇಲ್ಲಿಗೇ ಬಂದಿದ್ದರು.

ಕಾವೇರಿ ನಾನು ಕೊಟ್ಟ ಪ್ರಿಂಟನ್ನು ಟೇಬಲ್ಲಿನ ಮೇಲಿಟ್ಟಿತು. "ಸರ್, ಇದರಾಗ ಇಪ್ಪತ್ತೊಂದು ಅಂತ ಐತ್ರಿ. ಅಲ್ಲಿ ನೋಡಿದ್ರ ಹದಿನಾರಕ್ಕ ಎಲ್ಲಾ ಮುಗದೈತಿ. ತಾರೀಖು ಮುಂಚೆಕ ತಂದೇವಿ, ಹನ್ನೊಂದಕ್ಕ ಪುಟದಾಗ ಹಾಕೇವಿ, ನೋಟಿಸ್ ಬೋರ್ಡಿಗೂ ಹಚ್ಚೇವಿ ಅಂದ್ರು."

ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ಪ್ರಿಂಟಿನ ತಳದಲ್ಲಿ ತೆಗೆದ ದಿನ ಅಚ್ಚಾಗಿರುತ್ತದೆ: ಹದಿನಾಲ್ಕು ಜೂನ್. ಹನ್ನೊಂದಕ್ಕೇ ಬದಲಾದ ಪುಟ ಹದಿನಾಲ್ಕರಂದು ಹಳೇ ತಾರೀಖು ಹೇಗೆ ತೋರಿಸೀತು? "ನೀನ ಎಲ್ಲೋ ಕೂತು ಟೈಪ್ ಮಾಡಿಸ್ಕೊಂಡ ಬಂದೀದಿ ಅಂದ್ರು, ಸರ್. ಹಿಂಗ ಸುಳ್ಳ ಕಾಗದ ತಂದ್ರ ಮುಂದ ಯಾವ ಪರೀಕ್ಷಾಕ್ಕೂ ಕುಂದರಸಂಗಿಲ್ಲ ಅಂದ್ರು."

ಇದನ್ನು ಹೇಳುವಾಗಲೂ ಆ ಹುಡುಗಿ ಅಳಲಿಲ್ಲ. ಬಾಗೇವಾಡಿಯಲ್ಲಿ ಕೋಣೆ ಹಿಡಿದು ಎರಡು ವರ್ಷ ಡಿ.ಎಡ್. ಓದಿದೆಯಂತೆ. ಚಂದಪ್ಪನವರ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದ್ದು ಇದೊಂದೇ.

ನಾನು ಏನಂದೆ? "ಸರ್ಕಾರಿ ಪುಟ ನೋಡವ್ವಾ, ಅವರ ಕಡೀಂದನ ಏನರ ಗಡಬಡ ಆಗಿರಬೇಕು" ಅಂದೆ. ಚಂದಪ್ಪ ನನ್ನ ಮುಖ ನೋಡಿ, "ನಾಳೆ ಮತ್ತ ಬರ್ತೇವ್ರಿ ಸಾಹೇಬ್ರ" ಎಂದಷ್ಟೇ ಹೇಳಿ ಮಗಳನ್ನು ಕರೆದುಕೊಂಡು ಹೋದರು.

ಅವರು ಮೆಟ್ಟಿಲಿಳಿಯುವ ಮೊದಲೇ ನನಗೆ ಗೊತ್ತಾಗಿತ್ತು.

೨೨ ಜೂನ್, ಮಂಗಳವಾರ

ಹಗೇವು ತಾನು ಮಾಡಿದ ಕೆಲಸವನ್ನೆಲ್ಲ ಒಂದು ಕಡೆ ಬರೆದಿಡುತ್ತದೆ. ಬೆಳಿಗ್ಗೆ ತೆಗೆದು ನೋಡಿದೆ. ಎಂಟನೇ ತಾರೀಖು, ಐದು ನಲವತ್ತು: ನೇಮಕಾತಿ ಪುಟ ಹೊರಗಿನಿಂದ ತಂದಿದ್ದು. ಹದಿನಾಲ್ಕು: ಹಗೇವಿನಿಂದ ಕೊಟ್ಟಿದ್ದು. ಹದಿನೆಂಟು: ಹಗೇವಿನಿಂದ. ಹಗೇವಿನಿಂದ. ಹಗೇವಿನಿಂದ. ಹಗೇವಿನಿಂದ. ಹಗೇವಿನಿಂದ. ಮೊದಲು ತೆರೆದಿದ್ದು ಒಂದು, ಒತ್ತಿದ್ದು ನಾಲ್ಕು.

ನಾಚಿಕೆ ಬಿಟ್ಟು ಬರೆಯುತ್ತೇನೆ. ಅಳಿಸಿಬಿಡೋಣ ಅನ್ನಿಸಿತು. ಒಂದು ಬಟನ್ನಿನ ಕೆಲಸ, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಅಲ್ಲಿಯ ತನಕ ಹೋಗಿತ್ತು. ಚಹಾ ತಂದ ವಿದ್ಯಾವತಿ ಹಿಂದೆ ನಿಂತು, "ಆ ಹುಡುಗಿ ನಾಕ್ ಸಲ ಒತ್ತಿದ್ದು ನಾನೂ ನೋಡೇನ್ರಿ" ಅಂದಳು. ಚಹಾ ಇಟ್ಟು ಹೋದಳು. ನಾನು ಅಳಿಸದೆ ಪ್ರಿಂಟ್ ತೆಗೆದೆ.

ಹತ್ತಕ್ಕೆ ಇಬ್ಬರೂ ಬಂದರು. ಎದುರಿಗೆ ಕೂರಿಸಿ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಕಾವೇರಿ ಬೈಯಲಿಲ್ಲ, ಪ್ರಶ್ನೆ ಕೇಳಿದಳು.

"ಈ ಪುಟ ಯಾವಾಗ ತಂದಿದ್ದು ಅಂತ ಮಶೀನಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ನಮಗ ಯಾಕ ತೋರಿಸ್ಲಿಲ್ಲ?"

"ತೋರಿಸು ಅಂತ ನಾನು ಹೇಳಿರಲಿಲ್ಲ."

"ನಾ ಒತ್ತಿದ್ದು ಹೊರಗ ಹೋಗ್ಲೇ ಇಲ್ಲೇನ್ರಿ?"

"ಇಲ್ಲವ್ವಾ. ಹೋಗಬ್ಯಾಡ ಅಂತ ನಾನ ಹೇಳಿದ್ದೆ."

ನಾನು ಒಂದು ವಾರ ಒದ್ದಾಡಿ ತಿಳಿದುಕೊಂಡಿದ್ದನ್ನು ಆಕೆ ಅರ್ಧ ತಾಸಿನಲ್ಲಿ ತಿಳಿದುಕೊಂಡಳು. ಚೀಟಿಯ ವಿಚಾರ ಹೇಳಿದಾಗ, "ಅವ್ರು ಇಟ್ಕೋಬ್ಯಾಡ್ರಿ ಅಂತ ಬರದಿದ್ರೇನ್ರಿ?" ಎಂದು ಕೇಳಿದಳು. ಈ ಪುಟದ ಚೀಟಿಯಲ್ಲಿ ಬರೆದಿತ್ತು. ಹೌದು ಅಂದೆ.

ಚಂದಪ್ಪ ಹೆಗಲ ಕಂಬಳಿಯನ್ನು ತೊಡೆಯ ಮೇಲೆ ಮಡಚಿಟ್ಟರು. ಆಮೇಲೆ, "ಮುಂಜಾನೆ ಎಣಿಸಿದ ಕುರಿ ಸಂಜಿಗಿ ಅಷ್ಟ ಅದಾವು ಅಂತ ಹೆಂಗ ಹೇಳಾಕ ಬರ್ತೈತ್ರಿ ಸಾಹೇಬ್ರ? ಸಂಜಿಗಿ ಮತ್ತ ಕೇಳಬೇಕಲ್ರಿ" ಅಂದರು. ನನಗೆ ಸಿಟ್ಟು ಬಂತು. "ದಿನಾ ಎರಡ್ ಸಲ ಎಲ್ಲಾ ಎಣಿಸ್ಕೋತ ಕುಂತ್ರ ಹೊತ್ತು ಮುಳಗೂದಿಲ್ಲೇನು?" ಅಂದೆ. ಅವರು ನಕ್ಕರು. "ಎಲ್ಲಾ ಎಲ್ಲಿ ಎಣಸ್ತೇವ್ರಿ? ಹಿಂದ ಬರಾಂವಗ ಒದರಿ ಕೇಳ್ತೇವಿ, ಕೂಡ್ಯಾವೇನಲೇ ಅಂತ. ಕೂಡ್ಯಾವ ಅಂದ್ರ ಮುಗೀತು. ಇಲ್ಲಂದ್ರಷ್ಟ ತಿರುಗಿ ಹೋಗೂದು."

ಕಚೇರಿಗೆ ಒಂದು ಪತ್ರ ಬರೆದುಕೊಡುತ್ತೇನೆ ಅಂದೆ. "ಕೆಲವು ತಾಂತ್ರಿಕ ಕಾರಣಗಳಿಂದ ಸದರಿ ಪುಟವು ಹಳೆಯ ಮಾಹಿತಿಯನ್ನು ತೋರಿಸಿರುವ ಸಾಧ್ಯತೆ ಇದೆ" ಎಂದು ಬರೆದೆ. ಚೆನ್ನಾಗಿಯೇ ಇತ್ತು. ಕಾವೇರಿ ಓದಿ, ಬಹಳ ಮರ್ಯಾದೆಯಿಂದ ಕೇಳಿದಳು: "ಸರ್, ತಾಂತ್ರಿಕ ಕಾರಣ ಅಂದ್ರ ಯಾರ್ರಿ?"

ಕಾಗದ ಹರಿದು ಮತ್ತೆ ಬರೆದೆ. ನಾನು, ಸಂಜೀವಕುಮಾರ, ಸಿಂದಗಿಯಲ್ಲಿ ಇಂಟರ್ನೆಟ್ ಅಂಗಡಿ ನಡೆಸುವವನು, ಹಳೆಯ ಪುಟಗಳನ್ನು ಹದಿನೈದು ದಿನ ಇಟ್ಟುಕೊಂಡು ಗಿರಾಕಿಗಳಿಗೆ ತಿಳಿಸದೆ ಕೊಡುತ್ತಿದ್ದೆ. ಈಕೆ ಇವತ್ತಿನದೇ ಎಂದು ಕೇಳಿದಾಗ ಹೌದೆಂದೆ. ಈಕೆ ಹೊಸದನ್ನು ಕೇಳಿದ ನಾಲ್ಕೂ ಸಲ ನನ್ನ ಮಶೀನು ಅದನ್ನು ತಡೆಯಿತು, ಹಾಗೆ ಮಾಡಿಟ್ಟವನು ನಾನು. ಕೆಳಗೆ ಸಹಿ ಹಾಕಿದೆ. ಈ ಕಾಗದ ಊರಿನಲ್ಲಿ ನಾಲ್ಕು ಜನರ ಕೈಗೆ ಸಿಕ್ಕರೆ ನನ್ನ ಅಂಗಡಿಗೆ ನಾಯಿಯೂ ಬರುವುದಿಲ್ಲ.

೨೩ ಜೂನ್, ಬುಧವಾರ

ಮೂವರೂ ಮುಂಜಾನೆಯ ಬಸ್ಸಿಗೆ ಬಿಜಾಪುರಕ್ಕೆ ಹೋದೆವು. ಹನ್ನೊಂದರಿಂದ ಮೂರರವರೆಗೆ ಬೆಂಚಿನ ಮೇಲೆ. ಚಂದಪ್ಪ ರೊಟ್ಟಿ ಗಂಟು ಬಿಚ್ಚಿ ಮೊದಲು ನನಗೆ ಕೊಟ್ಟರು. ಮಗಳ ನೌಕರಿಗೆ ಕಲ್ಲು ಹಾಕಿದವನಿಗೆ ಶೇಂಗಾ ಚಟ್ನಿ ಹಾಕಿ ರೊಟ್ಟಿ.

ಅಧಿಕಾರಿ ಮೇಡಂ ನನ್ನ ಪತ್ರವನ್ನು ಎರಡು ಸಲ ಓದಿದರು. "ನೀವ ಹೇಳೂದು ನನಗ ತಿಳೀಲಿಲ್ಲ. ಇಂಟರ್ನೆಟ್ ಅಂದ ಮ್ಯಾಲೆ ನಾವು ಇಲ್ಲಿ ಹಾಕಿದ್ದು ಅಲ್ಲಿ ಕಾಣಬೇಕಲ್ಲ?" ನಾನು ಸರ್ವರು, ಪ್ರಾಕ್ಸಿ ಎಂದು ಶುರು ಮಾಡಿದೆ. ಮೇಡಂ ಗಡಿಯಾರ ನೋಡತೊಡಗಿದರು.

ಆಗ ಕಾವೇರಿ, "ಮೇಡಂ, ನಾ ಹೇಳ್ಲೇನ್ರಿ?" ಅಂದಳು. ಎದ್ದು ನಿಂತಳು, ತರಗತಿಯಲ್ಲಿ ನಿಂತ ಹಾಗೆ. "ನಿಮ್ಮ ನೋಟಿಸ್ ಬೋರ್ಡಿಂದು ಎಂಟನೇ ತಾರೀಖಿಗೆ ಇವ್ರೊಂದು ಫೋಟೋ ತಗದ್ರು ಅಂತ ತಿಳ್ಕೋರಿ. ಅದನ್ನ ಒಯ್ದು ಸಿಂದಗ್ಯಾಗ ಅಂಟಿಸಿದ್ರು. ಹನ್ನೊಂದಕ್ಕ ನೀವು ಇಲ್ಲಿ ಚೀಟಿ ಬದಲ ಮಾಡಿದ್ರಿ. ಫೋಟೋ ಹೆಂಗ ಬದಲಾಗ್ತೈತ್ರಿ? ನಾ ಬೋರ್ಡ್ ನೋಡಾಕತ್ತೇನಿ ಅಂತ ತಿಳ್ಕೊಂಡಿದ್ನಿ, ನೋಡಿದ್ದು ಫೋಟೋನ್ರಿ. ಹದಿನಾಲ್ಕು ಅನ್ನೂದು ನಾ ನೋಡಿದ ದಿನ, ಅವ್ರು ಫೋಟೋ ತಗದ ದಿನ ಅಲ್ರಿ."

ಮೇಡಂ ಪೆನ್ನು ಕೆಳಗಿಟ್ಟರು. ನನಗಂತೂ ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು. ಮಕ್ಕಳಿಗೆ ಏನು ಕಲಿಸುತ್ತಾಳೋ ಎಂದು ನಾನೇ ಬರೆದಿದ್ದೆನಲ್ಲ, ಅಂಥ ಟೀಚರ್ ನನಗೆ ಸಿಕ್ಕಿದ್ದರೆ ನಾನು ಇಂಥ ಕೆಲಸ ಮಾಡುತ್ತಿರಲಿಲ್ಲ.

"ಇದು ಫೈಲಿಗೆ ಹೋಗ್ತೈತಿ. ನಿಮಗ ಅಡ್ಡಿ ಇಲ್ಲೇನು?" ಎಂದು ಮೇಡಂ ನನ್ನನ್ನು ಕೇಳಿದರು. ಇಲ್ಲ ಅಂದೆ. ಬಿಟ್ಟುಹೋದವರಿಗಾಗಿ ಇಪ್ಪತ್ತೆಂಟಕ್ಕೆ ಒಂದು ದಿನ ಇದೆ, ಮೇಲಿನವರು ಒಪ್ಪಿದರೆ ಅವತ್ತು ಸರ್ಟಿಫಿಕೇಟು ನೋಡುತ್ತೇವೆ, ಈಗ ಮಾತು ಕೊಡಲಾರೆ ಅಂದರು.

೨೫ ಜೂನ್, ಶುಕ್ರವಾರ

ಹಗೇವು ಮುಚ್ಚಿಬಿಡಬೇಕೆಂದು ಕೂತವನು ಕೈಪಿಡಿ ಮೊದಲಿನಿಂದ ಓದಿದೆ, ಈ ಸಲ ಪೂರ್ತಿ. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಪುಟವನ್ನು ಪೂರ್ತಿ ಹೊಸದಾಗಿ ತರಬೇಕಿಲ್ಲ. "ಎಂಟನೇ ತಾರೀಖಿನ ಈಚೆಗೆ ಇದು ಬದಲಾಗಿದೆಯೇ?" ಎಂದು ಒಂದೇ ಸಾಲು ಕೇಳಬಹುದು. ಬದಲಾಗದಿದ್ದರೆ "ಇಲ್ಲ" ಎಂದು ಒಂದೇ ಸಾಲು ಉತ್ತರ ಬರುತ್ತದೆ, ಇದ್ದದ್ದನ್ನೇ ಕೊಡಬಹುದು. ಬದಲಾಗಿದ್ದರೆ ಮಾತ್ರ ಪುಟ ಬರುತ್ತದೆ. ಚಂದಪ್ಪನವರು ಕುರಿಯ ಹಿಂದೆ ಬರುವವನನ್ನು ಒದರಿ ಕೇಳುವುದು ಇದನ್ನೇ!

ಫ್ಯಾನಿನ ಕೆಳಗೆ ಕೂತವರು ಅಂತ ಹಂಗಿಸಿದ್ದೆ. ಅವರು ಯಾರೋ, ಯಾವ ದೇಶದವರೋ, ಸಿಂದಗಿಯಂಥ ಊರಿನ ಸಣ್ಣ ಲೈನಿಗೂ ಒಂದು ದಾರಿ ಮಾಡಿಟ್ಟಿದ್ದಾರೆ. ಏನು ಚೆಂದದ ಯೋಚನೆ! ಆ ಬಾಗಿಲಿಗೆ ನಾನೇ ಬೀಗ ಜಡಿದು ಬುದ್ಧಿವಂತನೆಂದು ಮೆರೆದೆ.

ಎಲ್ಲ ಬದಲಿಸಿದೆ. ಚೀಟಿ ಹೇಳಿದಂತೆ ಕೇಳು, ಬಟನ್ ಒತ್ತಿದರೆ ಹೊರಗೆ ಹೋಗು ಅಂದೆ. ಪುಟ ಯಾವಾಗಿನದು ಎಂದು ಕೇಳಿದರೆ ಹೇಳುತ್ತೇವೆ ಎಂದು ನಾಲ್ಕೂ ಮಶೀನಿಗೆ ಕಾಗದ ಅಂಟಿಸಿದೆ. ಕೇಳದಿದ್ದರೂ ಹೇಳುತ್ತಿದ್ದೇನೆ, ಬಾಯಿ ಸುಮ್ಮನಿರುವುದಿಲ್ಲ. ಅಂಗಡಿ ಮತ್ತೆ ನಿಧಾನ. ಮೊದಲಿನಷ್ಟು ನಿಧಾನವಲ್ಲ.

ಪತ್ರದ ಸುದ್ದಿ ಊರು ತಲುಪಿದೆ. ಒಬ್ಬ ಬಾಗಿಲಲ್ಲೇ ನಿಂತು, "ಇವತ್ತಿಂದು ಐತೋ, ತಂಗಳೋ?" ಅಂದ. ಬಾ ಒಳಗೆ, ಬಂದು ನೀನೇ ನೋಡು ಅಂದೆ.

೨೮ ಜೂನ್, ಸೋಮವಾರ

ಮೇಲಿನವರು ಒಪ್ಪಿದರು. ಸರ್ಟಿಫಿಕೇಟು ನೋಡಿದರು. ಕಾವೇರಿ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿ ಹೇಳಿದಳು. ವಿದ್ಯಾವತಿ ಹುಗ್ಗಿ ಮಾಡಿದ್ದಾಳೆ.

೧೨ ಜುಲೈ, ಸೋಮವಾರ

ಆಯ್ಕೆ ಪಟ್ಟಿ ಬಂತು. ಕಾವೇರಿ ಚಂದಪ್ಪ, ಹೆಸರಿದೆ. ಬಟನ್ ಒತ್ತಿ ಒತ್ತಿ ಆರು ಸಲ ಹೊರಗಿನಿಂದ ತರಿಸಿ ನೋಡಿದೆ. ಉಳಿದ ಗಿರಾಕಿಗಳು ಕ್ಯಾಲೆಂಡರ್ ಓದಿದರು.

೨೬ ಜುಲೈ, ಸೋಮವಾರ

ಎಲ್ಲ ಸುಖವಾಯಿತು ಅಂದುಕೊಂಡಿದ್ದೆ. ಆಗಲಿಲ್ಲ.

ಇವತ್ತು ಊರು ಆರಿಸಿಕೊಳ್ಳುವ ದಿನ ಇತ್ತು. ಹದಿನಾರಕ್ಕೆ ಹಾಜರಾದವರನ್ನು ಮೊದಲು ಕರೆದರು. ಇಪ್ಪತ್ತೆಂಟರವರು ಕೊನೆಗೆ. ಕಾವೇರಿಯ ಅಂಕ ಮೊದಲು ಕರೆದ ಎಷ್ಟೋ ಜನರಿಗಿಂತ ಹೆಚ್ಚು. ಆದರೂ ಆಕೆಯ ಸರದಿ ಬರುವಷ್ಟರಲ್ಲಿ ಹಿಪ್ಪರಗಿ ಹೋಗಿತ್ತು, ಸಿಂದಗಿ ಸುತ್ತಿನ ಊರುಗಳು ಹೋಗಿದ್ದವು, ಇಂಡಿ ಕಡೆಯವೂ ಹೋಗಿದ್ದವು. ಉಳಿದದ್ದು ಮುದ್ದೇಬಿಹಾಳದಿಂದ ಆಚೆಗೆ ಒಂದು ಹಳ್ಳಿ. ಬಾಗೇವಾಡಿಗೆ ಹೋಗಿ ಬಸ್ಸು ಬದಲಿಸಬೇಕು, ಮುದ್ದೇಬಿಹಾಳದಲ್ಲಿ ಇನ್ನೊಂದು ಹಿಡಿಯಬೇಕು, ಆಮೇಲೆ ಎರಡು ಮೈಲಿ ನಡಿಗೆ. ಮನೆಯಿಂದ ಹೋಗಿ ಬರುವ ಮಾತೇ ಇಲ್ಲ. ತಾಯಿಯಿಲ್ಲದ ಮನೆ, ಓದು ಮುಗಿಸಿ ಬಂದ ಮೇಲೆ ಅಪ್ಪನಿಗೆ ರೊಟ್ಟಿ ಬಡಿಯುವವಳು ಆಕೆಯೇ.

ಸಂಜೆ ಇಲ್ಲಿ ಇಳಿದು ಆದೇಶದ ಕಾಗದ ತೋರಿಸಿ ಹೋದಳು. "ಒಂದ ಸಾಲಿ, ಐವತ್ತೊಂದು ಹುಡುಗುರು, ನಾನೊಬ್ಬಾಕೀನ ಟೀಚರ್ರಿ" ಎಂದು ಹಿಗ್ಗಿನಿಂದ ಹೇಳಿದಳು. ನನ್ನ ಹದಿನೈದು ದಿನದ ಜಾಣತನ ಆಕೆಯನ್ನು ಅಷ್ಟು ದೂರ ಒಯ್ದು ಬಿಟ್ಟಿತು ಎಂಬುದು ನನಗೂ ಗೊತ್ತು, ಆಕೆಗೂ ಗೊತ್ತು. ಆಕೆ ಅದನ್ನು ಎತ್ತಲಿಲ್ಲ. ನಾನು ತಪ್ಪಾಯಿತು ಅಂದೆ. ಇಷ್ಟು ದಿನ ಪತ್ರ ಬರೆದಿದ್ದೆ, ಫೈಲಿಗೆ ಹಾಕಿಸಿದ್ದೆ, ಆಕೆಯ ಮುಖ ನೋಡಿ ಈ ಒಂದು ಮಾತು ಹೇಳಿರಲಿಲ್ಲ ಎಂದು ಆಗ ಹೊಳೆಯಿತು. "ಇರ್ಲಿ ಬಿಡ್ರಿ ಸರ್" ಅಂದಳು. ಇರಲಿ ಅನ್ನುವಾಗ ಆಕೆಯ ಕಣ್ಣು ಮಾತ್ರ ಬೇರೆ ಕಡೆ ಇತ್ತು.

೬ ಸೆಪ್ಟೆಂಬರ್, ಸೋಮವಾರ

ಒಂದು ತಿಂಗಳ ಮೇಲಾಯಿತು, ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಗಿರಾಕಿಗಳು ಅರ್ಧಕ್ಕೆ ಇಳಿದಿದ್ದರು, ಈಗ ಒಬ್ಬೊಬ್ಬರೇ ಬರುತ್ತಿದ್ದಾರೆ. ಬಂದವರು "ಎಷ್ಟೊತ್ತಿಂದ್ರಿ ಇದು?" ಎಂದು ಕೇಳಿಯೇ ಪ್ರಿಂಟ್ ತೆಗೆಸುತ್ತಾರೆ. ನಾನೂ ತಾರೀಖು, ವೇಳೆ ಕೈಯಲ್ಲಿ ಬರೆದು ಸಹಿ ಹಾಕಿ ಕೊಡುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಇವತ್ತು ಹನ್ನೊಂದರ ಸುಮಾರಿಗೆ ಫೋನು. ಮುದ್ದೇಬಿಹಾಳದ ಎಸ್‌ಟಿಡಿ ಬೂತಿನಿಂದ ಕಾವೇರಿ. ಸಂಬಳದ ಕಾಗದ ಕೊಡಲು ಬಂದಿದ್ದಳಂತೆ. ಹಿಂದೆ ಬಸ್ಸಿನ ಹಾರನ್ನು, ಆಕೆಯ ದನಿ ಎತ್ತರದಲ್ಲಿ. ಟೀಚರ್ ದನಿ ಬಂದುಬಿಟ್ಟಿದೆ.

"ಸರ್, ನಮ್ಮ ಸಾಲ್ಯಾಗ ನಾಕ್ ಹುಡುಗುರು ಭಾಳ ಶ್ಯಾಣ್ಯಾ ಅದಾವ್ರಿ. ಸರ್ಕಾರಿ ವಸತಿ ಸಾಲಿ ಪರೀಕ್ಷಾ ಬರಸ್ಬೇಕಂತ ಮಾಡೇನಿ. ಅರ್ಜಿ ಹಾಕೂದು ಯಾವತ್ತು ಕಡೀ ದಿನ, ಪರೀಕ್ಷಾ ಯಾವತ್ತು, ನೀವು ನೋಡಿ ಹೇಳ್ತೀರೇನ್ರಿ? ಮುಂದಿನ ಸೋಮವಾರ ಮತ್ತ ಇಲ್ಲಿ ಬರ್ತೇನಿ, ಬೂತ್‌ನಿಂದ ಫೋನ್ ಮಾಡ್ತೇನಿ. ಅವಾಗ ಮತ್ತೊಮ್ಮಿ ನೋಡ್ಬೇಕ್ರಿ, ನಡುವ ಬದಲ ಮಾಡಿದ್ರ?"

"ಅಲ್ಲವ್ವಾ, ಮುದ್ದೇಬಿಹಾಳದಾಗನ ಎರಡು ಇಂಟರ್ನೆಟ್ ಅಂಗಡಿ ಅದಾವಲ್ಲ. ಬೂತಿನ ಬಾಜೂಕನ ಇರಬೇಕು. ಅಲ್ಲೇ ಕಣ್ಣಾರೆ ನೋಡಬಹುದಿತ್ತಲ್ಲ?" ಅಂದೆ.

"ಹೋಗಿದ್ನಿ ಸರ್. ಇದು ಯಾವಾಗಿಂದು ಅಂತ ಕೇಳಿದ್ನಿ. ನಮ್ಮಲ್ಲಿ ಎಂದೂ ತಪ್ಪಾಗಂಗಿಲ್ಲ ಅಂದ್ರು. ನಿಮ್ಮಲ್ಲಿ ತಪ್ಪಾಗೈತಿ. ಅದಕ್ಕ ನಿಮಗ ಫೋನ್ ಮಾಡೇನ್ರಿ."

ನಾನು ರಿಸೀವರ್ ಟೇಬಲ್ಲಿನ ಮೇಲಿಟ್ಟು, ವಸತಿ ಶಾಲೆಯ ಪುಟ ತೆರೆದು ರಿಫ್ರೆಶ್ ಒತ್ತಿದೆ. ಲೈನು ಕಡಿದಿದೆ ಅಂದುಕೊಂಡು ಆಕೆ ಆ ಕಡೆಯಿಂದ "ಹಲೋ, ಹಲೋ" ಅನ್ನುತ್ತಲೇ ಇದ್ದಳು.